ತಿರುಗಿ ಬಂದವನಿಗೆ ಕಲ್ಲಿಲ್ಲ

ನಾನು ಮೂರನೇತ್ತೆಯಲ್ಲೋ ನಾಲ್ಕನೇತ್ತೆಯಲ್ಲೋ ಇದ್ದಾಗಿನ ಮಾತು. ಗಣಪತಿ ಹಬ್ಬಕ್ಕೆ ನಮ್ಮೂರಿನ ಹುಡುಗರು ಖಾನಾಪುರದಿಂದ ಕಲರ್ ಟಿವಿ, ವಿಸಿಆರ್ ಬಾಡಿಗೆಗೆ ತಂದು ರಾತ್ರಿಯಿಡೀ ಸಿನಿಮಾ ಹಾಕುತ್ತಿದ್ದರು. ಆ ವರ್ಷ ಹಾಕಿದ್ದು 1991ರಲ್ಲಿ ಬಂದಿದ್ದ ‘ಪ್ರಹಾರ್’. ನಾನಾ ಪಾಟೇಕರ್ ತಾವೇ ನಿರ್ದೇಶಿಸಿ, ತಾವೇ ಮೇಜರ್ ಚವಾಣ್ ಆಗಿ ನಟಿಸಿದ ಸಿನಿಮಾ. ಅದರ ಟ್ರೇನಿಂಗ್ ದೃಶ್ಯಗಳನ್ನ ತೆಗೆದದ್ದು ನಮ್ಮ ಬೆಳಗಾವಿಯ ಕಮಾಂಡೋ ಸ್ಕೂಲಿನಲ್ಲಿ ಅನ್ನೋ ಸುದ್ದಿ ಹಬ್ಬಿ, ಊರಿಗೆ ಊರೇ ಪೆಂಡಾಲಿನ ಮುಂದೆ ಕೂತಿತ್ತು. ಜವಾನರು ಕೆಸರಲ್ಲಿ ತೆವಳಿದರೂ ಸೀಟಿ, ಹಗ್ಗ ಹಿಡಿದು ಇಳಿದರೂ ಸೀಟಿ.

ನಮ್ಮ ಮಿಲಿಟರಿ ಕಾಕಾನೂ ಬಂದು ಕಟ್ಟೆಯ ಮೇಲೆ ಕೂತಿದ್ದ. ಅಪ್ಪನ ಕಡೇ ತಮ್ಮ. ಮರಾಠಾ ಲೈಟ್ ಇನ್ಫಂಟ್ರಿಯಲ್ಲಿದ್ದು, ಪೆನ್ಶನ್ ಮೇಲೆ ಊರಿಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಟ್ರೇನಿಂಗ್ ದೃಶ್ಯ ಮುಗಿಯುವವರೆಗೆ ಅವನೇ ನಮಗೆಲ್ಲ ಕಾಮೆಂಟರಿ ಹೇಳಿದ. ಆಮೇಲೆ ಮೇಜರನ ಶಿಷ್ಯ ಪೀಟರ್ ಒಂದು ಕಾರ್ಯಾಚರಣೆಯಲ್ಲಿ ಗಾಯಗೊಂಡು, ಅಂಗವಿಕಲನಾಗಿ, ಸೈನ್ಯ ಬಿಟ್ಟು ಮುಂಬೈಗೆ ಮನೆಗೆ ಬರುವ ಭಾಗ ಬಂತು. ಕಾಕಾ ಎದ್ದ. ಚಪ್ಪಲಿ ಕೂಡ ಹುಡುಕದೆ ಬರಿಗಾಲಲ್ಲೇ ನಡೆದುಬಿಟ್ಟ.

ಉಳಿದವರು ಪೂರ್ತಿ ನೋಡಿದೆವು. ಮನೆಗೆ ಬಂದ ಪೀಟರನನ್ನ ಹಫ್ತಾ ಕೇಳುವ ಗೂಂಡಾಗಳು ಕೊಲ್ಲುತ್ತಾರೆ. ಅವನ ಮದುವೆಗೆ ಅಂತ ಬಂದ ಮೇಜರ್ ಆ ಗೂಂಡಾಗಳನ್ನ ಕೊಲ್ಲುತ್ತಾನೆ. ಕೊನೆಗೆ ಕೋರ್ಟು ಮೇಜರನ್ನ ಮಾನಸಿಕ ಆಸ್ಪತ್ರೆಗೆ ಕಳಿಸುತ್ತದೆ. ‘ಧಾರವಾಡಕ್ಕ ಒಯ್ದ್ರಪೋ!’ ಅಂತ ಹಿಂದಿನಿಂದ ಯಾರೋ ಕೂಗಿದರು. ಅಲ್ಲಿನ ಹಳೇ ಮಾನಸಿಕ ಆಸ್ಪತ್ರೆಯಿಂದಾಗಿ ನಮ್ಮ ಕಡೆ ಹುಚ್ಚಿಗೆ ಇನ್ನೊಂದು ಹೆಸರೇ ಧಾರವಾಡ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ನಗು ಎಲ್ಲಿಂದ ಬಂತು ಅಂತ ಹುಡುಕಲು ಹೋಗಿ ಈ ಲೇಖನ ಹುಟ್ಟಿದೆ. ನಾನು ಇತಿಹಾಸ ಓದಿದವನಲ್ಲ. ಬಿಇ ಮಾಡಿ ಬೆಂಗಳೂರಿನಲ್ಲಿ ಕೋಡ್ ಬರೆಯುವವನು. ಆದರೆ ಯುದ್ಧಕ್ಕೆ ಹೋಗಿ ಜೀವಂತ ಬಂದವನ ಕತೆಯನ್ನ ನಮ್ಮವರು ಯಾವಾಗ ಹೇಳಿದರು, ಯಾವಾಗ ಹೇಳಲಿಲ್ಲ ಅಂತ ಸುಮಾರು ವರ್ಷಗಳಿಂದ ಹುಡುಕುತ್ತ ಬಂದಿದ್ದೇನೆ. ಬೆಳಗಾವಿಯಂಥ ಊರಿನವನಿಗೆ ಇದು ದೂರದ ಪ್ರಶ್ನೆಯೂ ಅಲ್ಲ. 1768ರಲ್ಲಿ ಶುರುವಾದ ರೆಜಿಮೆಂಟು ಇದು. 1922ರಿಂದ ಅದರ ತರಬೇತಿಯ ಮನೆ ಬೆಳಗಾವಿಯೇ. ಕ್ಯಾಂಪಿನ ಕಡೆ ಬೆಳಿಗ್ಗೆ ಹೋದರೆ ಹುಡುಗರು ಓಡುವ ಬೂಟಿನ ಸದ್ದು ಕೇಳುತ್ತದೆ. ಭರ್ತಿ ಅಂದ್ರೆ ಹಳ್ಳಿಗಳಿಂದ ಟೆಂಪೋ ಮಾಡಿಕೊಂಡು ಬರುತ್ತಾರೆ. ಕಸಮ್ ಪರೇಡಿಗೆ ಅವ್ವ-ಅಪ್ಪ ಹೊಸ ಬಟ್ಟೆ ಹಾಕ್ಕೊಂಡು ಬರ್ತಾರೆ. ಹೋಗುವ ದಿನಕ್ಕೆ ಇಷ್ಟೆಲ್ಲ ವ್ಯವಸ್ಥೆ ಇದೆ.

ಸತ್ತ ದಿನಕ್ಕೂ ವ್ಯವಸ್ಥೆ ಇದೆ, ಅದು ಸಾವಿರ ವರ್ಷಕ್ಕಿಂತ ಹಳೆಯದು. ನಮ್ಮೂರಿನ ಹನುಮಪ್ಪನ ಗುಡಿಯ ಹಿಂದೆ ಅರ್ಧ ಹೂತುಹೋದ ಒಂದು ವೀರಗಲ್ಲಿದೆ. ಕರ್ನಾಟಕದ ತುಂಬ ಇಂಥವು ಸಿಗುತ್ತವೆ, ಅಚ್ಚೂ ಹೆಚ್ಚುಕಡಿಮೆ ಒಂದೇ. ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವಿನದರಲ್ಲಿ ಅಪ್ಸರೆಯರು ವೀರನನ್ನ ಎತ್ತಿಕೊಂಡು ಹೋಗುವುದು, ಮೇಲಿನದರಲ್ಲಿ ಲಿಂಗದ ಮುಂದೆ ಅವನು ಕೈಮುಗಿದು ಕೂತಿರುವುದು, ತುದಿಗೆ ಸೂರ್ಯ-ಚಂದ್ರ. ಮೂರು ಫ್ರೇಮಿನ ಕಾಮಿಕ್ಸ್ ಅನ್ನಿ. ಇದರಲ್ಲಿ ಕೆಳಗಿನ ಪಟ್ಟಿಯಿಂದ ಎದ್ದು, ಕತ್ತಿ ಹೆಗಲಿಗೆ ಹಾಕಿಕೊಂಡು, ವಾಪಸ್ ಮನೆಗೆ ನಡೆದವನಿಗೆ ಫ್ರೇಮಿಲ್ಲ. ಗಂಡ ಸತ್ತಾಗ ಚಿತೆಯೇರಿದ ಹೆಂಡತಿಗೆ ಮಾಸ್ತಿಗಲ್ಲು ಇದೆ. ಗಂಡ ಬದುಕಿ ಬಂದು, ಅವನ ಜೊತೆ ಮೂವತ್ತು ವರ್ಷ ರಾತ್ರಿಗಳನ್ನ ಕಳೆದವಳಿಗೆ ಕಲ್ಲಿಲ್ಲ.

ಬ್ರಿಟಿಷರು ಬಂದ ಮೇಲೂ ಈ ಲೆಕ್ಕ ಬದಲಾಗಲಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಸಿಪಾಯಿಗಳನ್ನ ಕೊಟ್ಟ ಹಳ್ಳಿಗಳಲ್ಲಿ ಅವರು ಅಮೃತಶಿಲೆಯ ಚಿಕ್ಕ ಫಲಕ ಹಾಕಿಸಿದರು. ಹಳೇ ಮುಂಬೈ ಪ್ರಾಂತದ ಎಷ್ಟೋ ಊರುಗಳಲ್ಲಿ ಇವತ್ತಿಗೂ ಸಿಗುತ್ತವೆ. 1914ರಿಂದ 1919ರ ಮಹಾಯುದ್ಧಕ್ಕೆ ಈ ಊರಿನಿಂದ ಇಷ್ಟು ಜನ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು, ಅಷ್ಟೇ ಒಕ್ಕಣೆ. ಮೊದಲ ಸಂಖ್ಯೆಯಲ್ಲಿ ಎರಡನೆಯದನ್ನ ಕಳೆದರೆ ಬರುವುದು ತಿರುಗಿ ಬಂದವರ ಸಂಖ್ಯೆ. ಆ ಕಳೆಯುವ ಲೆಕ್ಕವನ್ನ ಓದುವವನೇ ಮಾಡಿಕೊಳ್ಳಬೇಕು.

ಆ ಬಂದವರು ಏನು ನೋಡಿ ಬಂದಿದ್ದರು? ಮರಾಠಾ ಪಲ್ಟನ್‌ಗಳ ಮಟ್ಟಿಗೆ ಹೇಳುವುದಾದರೆ, ಇವತ್ತಿನ ಇರಾಕಿನ ಕೂತ್ ಅನ್ನೋ ಊರು. 1915ರ ಡಿಸೆಂಬರಿನಲ್ಲಿ ತುರ್ಕರು ಮುತ್ತಿಗೆ ಹಾಕಿದಾಗ 103, 110 ಮತ್ತು 117ನೇ ಮರಾಠಾ ಪಲ್ಟನ್‌ಗಳು ಒಳಗೆ ಸಿಕ್ಕಿಬಿದ್ದವು. ಸುಮಾರು ಐದು ತಿಂಗಳು ಹಸಿವು, ಕಾಯಿಲೆ. ಕುದುರೆ, ಹೇಸರಗತ್ತೆಗಳನ್ನೂ ಕಡಿದು ತಿನ್ನುವ ಕಾಲ ಬಂತು. 1916ರ ಏಪ್ರಿಲ್ 29ಕ್ಕೆ ಶರಣಾದಾಗ ಬ್ರಿಟಿಷರು, ಭಾರತೀಯರು ಸೇರಿ ಸುಮಾರು 13,000 ಜನ ಸೆರೆಯಾದರು. ಆಮೇಲೆ ಮರುಭೂಮಿಯಲ್ಲಿ ನಡಿಗೆ, ಕೂಲಿ. ಸಾವಿರಾರು ಜನ ದಾರಿಯಲ್ಲೇ, ಕ್ಯಾಂಪುಗಳಲ್ಲೇ ಸತ್ತರು. ಬದುಕಿದವರು ಯುದ್ಧ ಮುಗಿದ ಮೇಲೆ ಹಡಗು ಹತ್ತಿ ಬಂದು, ಯಾವುದೋ ಸ್ಟೇಷನ್ನಿನಲ್ಲಿ ಇಳಿದು, ಭತ್ತದ ಗದ್ದೆಗೆ ಇಳಿದಿರಬೇಕು. ಅಂಥವನೊಬ್ಬ ನಡುವಿರುವ ಒಂದು ಕನ್ನಡ ಕಾದಂಬರಿಗಾಗಿ ನಾನು ಸಿಕ್ಕ ಸಿಕ್ಕ ಲೈಬ್ರರಿಯಲ್ಲಿ ಕೇಳಿದ್ದೇನೆ. ಕೈಗೆ ಬಂದಿಲ್ಲ.

ಆದರೆ ಅದೇ ವರ್ಷಗಳಲ್ಲಿ ಬೇರೆ ಕಡೆ ಬರೆಯುತ್ತಿದ್ದರು. 1915ರಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಹಿಂದಿಯಲ್ಲಿ ಚಂದ್ರಧರ ಶರ್ಮಾ ಗುಲೇರಿ ‘ಉಸ್ನೇ ಕಹಾ ಥಾ’ ಬರೆದರು. ಲೆಹನಾಸಿಂಗ್ ಕಂದಕದಲ್ಲಿ ಗಾಯಗೊಂಡು, ಆ ಗಾಯ ಮುಚ್ಚಿಟ್ಟು, ಬೇರೆಯವರನ್ನ ಗಾಡಿಗೆ ಹತ್ತಿಸಿ, ತನ್ನ ಬಾಲ್ಯದ ನೆನಪಿನಲ್ಲಿ ಬಡಬಡಿಸುತ್ತ ಸಾಯುತ್ತಾನೆ. ಅದ್ಭುತ ಕತೆ, ಅನುಮಾನವೇ ಇಲ್ಲ. ಆದರೆ ಅದೂ ವೀರಗಲ್ಲೇ. ಲೆಹನಾಸಿಂಗ್ ಬದುಕಿ ಅಮೃತಸರಕ್ಕೆ ಬಂದಿದ್ದರೆ ಗುಲೇರಿ ಏನು ಬರೆಯುತ್ತಿದ್ದರು ಅಂತ ಯೋಚಿಸುತ್ತೇನೆ. ಮುಲ್ಕ್ ರಾಜ್ ಆನಂದ್ ಇಂಗ್ಲಿಷಿನಲ್ಲಿ ಒಂದು ಹೆಜ್ಜೆ ಮುಂದೆ ಹೋದರು. ಅವರ ಲಾಲು ಫ್ರಾನ್ಸಿನ ಕಂದಕಗಳಿಂದ ಜರ್ಮನರ ಸೆರೆಗೆ ಹೋಗಿ, 1942ರ ‘ದ ಸ್ವೋರ್ಡ್ ಅಂಡ್ ದ ಸಿಕಲ್’ನಲ್ಲಿ ಊರಿಗೆ ಬರುತ್ತಾನೆ. ಬಂದ ಮೇಲೆ ಕತೆ ರೈತ ಚಳವಳಿಯ ಕಡೆ ತಿರುಗುತ್ತದೆ. ಲಾಲುಗೆ ರಾತ್ರಿ ನಿದ್ದೆ ಬರುತ್ತಿತ್ತಾ ಅನ್ನೋದು ಕಾದಂಬರಿಯ ಮುಖ್ಯ ಚಿಂತೆಯಲ್ಲ.

ಆ ಚಿಂತೆಯನ್ನೇ ನಡುವಿಗೆ ಇಟ್ಟುಕೊಂಡಿದ್ದು ವರ್ಜೀನಿಯಾ ವುಲ್ಫ್, 1925ರ ‘ಮಿಸೆಸ್ ಡಾಲೊವೇ’ಯಲ್ಲಿ. ಸೆಪ್ಟಿಮಸ್ ಅನ್ನೋ ಸಿಪಾಯಿ ಯುದ್ಧ ಮುಗಿದು ವರ್ಷಗಳಾದ ಮೇಲೆ ಲಂಡನ್ನಿನ ಪಾರ್ಕಿನಲ್ಲಿ ಕೂತು ಸತ್ತ ಗೆಳೆಯ ಇವಾನ್ಸ್‌ನನ್ನ ಕಾಣುತ್ತಾನೆ. ಪಕ್ಕದಲ್ಲಿ ಇಟಲಿಯ ಹೆಂಡತಿ, ಪರದೇಶದಲ್ಲಿ ಒಬ್ಬಳೇ, ಗಂಡನಿಗೆ ಏನಾಗಿದೆ ಅಂತ ಯಾರಿಗೆ ಹೇಳಬೇಕು ತಿಳಿಯದೆ. ಮನೆಗೆ ಬರುವ ಡಾಕ್ಟರು ಏನೂ ಆಗಿಲ್ಲ, ಆಟ ಆಡಿ, ಹವ್ಯಾಸ ಬೆಳೆಸಿಕೊಳ್ಳಿ ಅನ್ನುತ್ತಾನೆ. ಕೊನೆಗೆ ಸೆಪ್ಟಿಮಸ್ ಕಿಟಕಿಯಿಂದ ಹಾರುತ್ತಾನೆ. ‘ಶೆಲ್ ಶಾಕ್’ ಅನ್ನೋ ಪದ ಚಾರ್ಲ್ಸ್ ಮೈಯರ್ಸ್ ಬರೆದ ಲೇಖನದಿಂದ 1915ರಲ್ಲೇ ವೈದ್ಯಲೋಕಕ್ಕೆ ಬಂದಿತ್ತು. ನಾವು ಇವತ್ತು ಆಫೀಸಿನಲ್ಲಿ ಕೆಟ್ಟ ರಿಲೀಸ್ ಆದಾಗಲೂ ಹಗುರವಾಗಿ ಬಳಸುವ ಪಿಟಿಎಸ್‌ಡಿ ಅನ್ನೋ ಹೆಸರು ಅಮೆರಿಕದ ಮನೋವೈದ್ಯರ ಪಟ್ಟಿಗೆ ಸೇರಿದ್ದು 1980ರಲ್ಲಿ, ವಿಯೆಟ್ನಾಮಿನಿಂದ ಬಂದ ಸಿಪಾಯಿಗಳು ಗಲಾಟೆ ಮಾಡಿದ ಮೇಲೆ. ಅಂದರೆ ಡಾಕ್ಟರುಗಳು ತಮ್ಮತಮ್ಮಲ್ಲಿ ಒಪ್ಪುವುದಕ್ಕೆ 55 ವರ್ಷ ಮೊದಲೇ ಒಂದು ಕಾದಂಬರಿ ಪೂರ್ತಿ ಕೇಸ್ ಬರೆದಿಟ್ಟಿತ್ತು.

ನಮ್ಮ ಮನೆಯಲ್ಲಿ ಇದಕ್ಕಿದ್ದ ಹೆಸರು ಗಾಳಿ. ‘ಗಾಳಿ ಬಡದೈತಿ’ ಅಂತ ಅಜ್ಜಿ ಅನ್ನುತ್ತಿದ್ದಳು. ಕಾಕಾ ಶ್ರೀಲಂಕಾದಿಂದ ಬಂದವನು. 1987ರ ಜುಲೈನಲ್ಲಿ ಒಪ್ಪಂದವಾಗಿ, ಶಾಂತಿ ಕಾಯಲು ಅಂತ ನಮ್ಮ ಸೈನ್ಯ ಅಲ್ಲಿಗೆ ಹೋಯಿತು. ಅಕ್ಟೋಬರಿಗೆ ಎಲ್‌ಟಿಟಿಇ ಜೊತೆಗೇ ಯುದ್ಧ ಶುರುವಾಯಿತು. ಸುಮಾರು 1,200 ಜವಾನರು ಸತ್ತರು. 1990ರ ಮಾರ್ಚಿನಲ್ಲಿ ಕೊನೆಯ ತುಕಡಿ ಮದ್ರಾಸಿಗೆ ಬಂದಿಳಿದಾಗ ಸ್ವಾಗತಕ್ಕೆ ಅಲ್ಲಿನ ಮುಖ್ಯಮಂತ್ರಿ ಕರುಣಾನಿಧಿಯವರು ಹೋಗಲಿಲ್ಲ. ಗೆದ್ದರೋ ಸೋತರೋ ಹೇಳಲಾಗದ ಯುದ್ಧ. ಕಾರ್ಗಿಲ್‌ನಂತೆ ಟಿವಿಯಲ್ಲಿ ಬರಲಿಲ್ಲ, 71ರಂತೆ ಪಾಠದಲ್ಲಿ ಬರಲಿಲ್ಲ. ಅಲ್ಲಿ ಕಾಕಾ ಏನು ಕಂಡ ಅನ್ನೋದು ನಮಗೆ ಗೊತ್ತಾಗಲೇ ಇಲ್ಲ. ಗೊತ್ತಿದ್ದದ್ದು ಇಷ್ಟೇ: ತೆಂಗಿನ ತೋಟದ ನಡುವಿನ ಕಾಲುದಾರಿಯಲ್ಲಿ ಅವನು ನಡೆಯುತ್ತಿರಲಿಲ್ಲ, ಸುತ್ತು ಹಾಕಿ ಟಾರು ರಸ್ತೆಯಲ್ಲಿ ಬರುತ್ತಿದ್ದ. ಮತ್ತು ಮಲಗಿದ್ದಾಗ ಅವನನ್ನ ಯಾರೂ ಮುಟ್ಟಿ ಎಬ್ಬಿಸಬಾರದು. ಕಾಕು ಹೊಸ್ತಿಲಲ್ಲೇ ನಿಂತು, ‘ಏಳ್ರಿ, ಮುಂಜಾನೆ ಆತು, ಖಾನಾಪುರದಾಗ ಅದೀರಿ’ ಅಂತ ಕರೆಯುತ್ತಿದ್ದಳು. ಊರು ಖಾನಾಪುರದಿಂದ ಒಂಬತ್ತು ಮೈಲಿ ದೂರ. ಆದರೂ ತಾಲೂಕಿನ ಹೆಸರೇ ಹೇಳುತ್ತಿದ್ದಳು. ಅದು ಅವನ ಕಿವಿಗೆ ಬೇಗ ತಲುಪುತ್ತಿತ್ತೋ ಏನೋ.

ಅಜ್ಜ ಒಮ್ಮೆ ‘ಧಾರವಾಡಕ್ಕ ತೋರಿಸಿ ಬರೋಣು’ ಅಂದನಂತೆ. ಹುಚ್ಚ ಅಂತ ಕಾಗದದಲ್ಲಿ ಬರೆದರೆ ಪೆನ್ಶನ್ ಹೋಗುತ್ತೆ, ಮಗಳಿಗೆ ಗಂಡು ಸಿಗಲ್ಲ ಅನ್ನೋದು ಕಾಕಾನ ಹೆದರಿಕೆ. ಆ ಮಾತು ಅಲ್ಲಿಗೇ ನಿಂತಿತು.

ನಾನು ಇಂಜಿನಿಯರಿಂಗ್ ಓದುವಾಗ, ದೀಪಾವಳಿ ರಜೆಯಲ್ಲಿ, ಭಾರಿ ಧೈರ್ಯ ಮಾಡಿ ಕೇಳಿದ್ದೆ: ‘ಕಾಕಾ, ಲಂಕಾದಾಗ ಎಷ್ಟು ಮಂದೀನ ಹೊಡದಿ?’ ಆ ವಯಸ್ಸಿಗೆ ಅದೇ ಪ್ರಶ್ನೆ ಹೊಳೆಯೋದು. ಅವನು ಬೀಡಿ ಆರಿಸಿ, ‘ಎಣಿಸಿಲ್ಲೋ ತಮ್ಮಾ. ನೀ ಉಂಡೇನು?’ ಅಂದ. ಆಮೇಲೆ ನಾನು ಬೆಂಗಳೂರಿಗೆ ಹೋಗುವವರೆಗೂ ನನ್ನ ಜೊತೆ ಒಬ್ಬನೇ ಕೂರಲಿಲ್ಲ.

ನಮ್ಮ ಭಾಷೆಯಲ್ಲಿ ಈ ನೋವಿಗೆ ಮಾತೇ ಇರಲಿಲ್ಲ ಅಂತ ನಾನು ಬಹಳ ದಿನ ನಂಬಿದ್ದೆ. ಅದು ತಪ್ಪು ಅಂತ ತೋರಿಸಿಕೊಟ್ಟವನು ರನ್ನ. ಹತ್ತನೇ ಶತಮಾನದ ಕವಿ, ಮುಧೋಳದ ಬಳೆಗಾರರ ಮನೆಯ ಹುಡುಗ. ಮುಧೋಳ ಅಂದರೆ ಬೆಳಗಾವಿಯಿಂದ ಮೂರು ತಾಸಿನ ದಾರಿ. ಅವನ ಗದಾಯುದ್ಧದ ತುಣುಕನ್ನ ಕಾಲೇಜಿನಲ್ಲಿ ಪಾಠವಾಗಿ ಓದಿ, ಸಂದರ್ಭ ಸಹಿತ ವಿವರಿಸಿ, ಮಾರ್ಕ್ಸ್ ತಗೊಂಡು ಮರೆತಿದ್ದೆ. ಲಾಕ್‌ಡೌನಿನಲ್ಲಿ ಗದ್ಯಾನುವಾದ ಪಕ್ಕಕ್ಕಿಟ್ಟುಕೊಂಡು ಪೂರ್ತಿ ಓದಿದೆ.

ಕತೆ ಹೆಸರಿಗೆ ಭೀಮನ ಗೆಲುವಿನದು. ಆದರೆ ಕಾವ್ಯದ ಜೀವ ಇರೋದು ಬೇರೆ ಕಡೆ. ಹದಿನೆಂಟು ದಿನದ ಯುದ್ಧದ ಕೊನೆಗೆ ದುರ್ಯೋಧನ ಸಂಜಯನ ಜೊತೆ ರಣರಂಗದ ನಡುವೆ ಭೀಷ್ಮರಿದ್ದಲ್ಲಿಗೆ ನಡೆದು ಹೋಗುತ್ತಾನೆ. ರಕ್ತದ ಕೆಸರು, ಆನೆಗಳ ಹೆಣ, ಎಡವಿದಲ್ಲೆಲ್ಲ ಗುರುತಿನವರು. ಮರುಳುಗಳು, ಅಂದರೆ ದೆವ್ವಗಳು, ಅವನನ್ನೇ ಹಂಗಿಸುತ್ತವೆ. ದ್ರೋಣನ ಹೆಣ ನೋಡುತ್ತಾನೆ, ಮಗ ಲಕ್ಷಣನದ್ದು ನೋಡುತ್ತಾನೆ, ದುಶ್ಶಾಸನನದ್ದು, ಕರ್ಣನದ್ದು. ಒಬ್ಬೊಬ್ಬರ ಹತ್ತಿರ ನಿಂತು ಮಾತಾಡುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೂ ನಿಂತು ಅವನ ಶೌರ್ಯ ಹೊಗಳುತ್ತಾನೆ. ಕರ್ಣನ ಮುಂದೆ ಅವನಿಗೆ ಕಾಡುವುದು, ಇವರೆಲ್ಲ ಹೋದ ಮೇಲೆ ನಾನಿನ್ನೂ ಯಾಕೆ ಉಸಿರಾಡುತ್ತಿದ್ದೇನೆ ಅನ್ನೋದು. ಬದುಕಿ ಉಳಿದದ್ದೇ ಅಪರಾಧ ಅನ್ನೋ ಈ ಭಾವನೆ ಇವತ್ತು ಮನೋವೈದ್ಯರ ಪುಸ್ತಕಗಳಲ್ಲಿ ಅಧ್ಯಾಯವಾಗಿದೆ. ಅಮೆರಿಕದ ಮನೋವೈದ್ಯ ಜೊನಾಥನ್ ಶೇ 1994ರಲ್ಲಿ ಹೋಮರನ ಅಕಿಲಿಸ್‌ನನ್ನೂ ವಿಯೆಟ್ನಾಂ ಸಿಪಾಯಿಗಳನ್ನೂ ಪಕ್ಕಪಕ್ಕ ಇಟ್ಟು ಒಂದು ಪುಸ್ತಕವನ್ನೇ ಬರೆದರು. ಅವರ ಕೈಗೆ ರನ್ನ ಸಿಕ್ಕಿದ್ದರೆ!

ಆದರೆ ಗಮನಿಸಿ, ರನ್ನನೂ ದುರ್ಯೋಧನನನ್ನ ಮನೆಗೆ ಕಳಿಸುವುದಿಲ್ಲ. ಅವನು ನಡೆಯುವುದು ವೈಶಂಪಾಯನ ಸರೋವರಕ್ಕೆ, ಅಲ್ಲಿಂದ ಭೀಮನ ಗದೆಗೆ. ಗೆದ್ದು ಮನೆಗೆ ಬಂದವರ ನೋವು ವ್ಯಾಸಭಾರತದ ಶಾಂತಿಪರ್ವದಲ್ಲಿದೆ. ಧರ್ಮರಾಯ ಈ ರಾಜ್ಯ ನನಗೆ ಬೇಡ, ಕಾಡಿಗೆ ಹೋಗುತ್ತೇನೆ ಅಂತ ಹಟ ಹಿಡಿಯುತ್ತಾನೆ, ತಮ್ಮಂದಿರು, ದ್ರೌಪದಿ, ಕೃಷ್ಣ, ವ್ಯಾಸ ಎಲ್ಲ ಸೇರಿ ಸಮಾಧಾನ ಮಾಡಬೇಕಾಗುತ್ತದೆ. ನಮ್ಮ ಕುಮಾರವ್ಯಾಸ, ಗಮಕಿಗಳ ಬಾಯಲ್ಲಿ ಕನ್ನಡನಾಡಿನ ಕಿವಿ ತುಂಬಿದವನು, ಹತ್ತು ಪರ್ವಕ್ಕೆ ನಿಲ್ಲಿಸಿಬಿಟ್ಟ. ಉಳಿದದ್ದನ್ನ ಕೃಷ್ಣದೇವರಾಯನ ಆಸ್ಥಾನದ ತಿಮ್ಮಣ್ಣ ಕವಿ ಪೂರೈಸಿದ. ನಿಮ್ಮಲ್ಲಿ ಎಷ್ಟು ಜನ ತಿಮ್ಮಣ್ಣನ ಹೆಸರು ಕೇಳಿದ್ದೀರಿ? ನಾನಂತೂ ಮೂವತ್ತು ದಾಟಿದ ಮೇಲೆ ಕೇಳಿದೆ. ಯುದ್ಧದ ನಂತರದ ಭಾಗಕ್ಕೆ ನಮ್ಮಲ್ಲಿ ಕೇಳುಗರು ಕಡಿಮೆ.

ಹೊಸ ಕಾಲದಲ್ಲಿ ಆ ಭಾಗಕ್ಕೆ ಮರಳಿ ಹೋದವರಿದ್ದಾರೆ. ಕುವೆಂಪು 1931ರಲ್ಲೇ ‘ಸ್ಮಶಾನ ಕುರುಕ್ಷೇತ್ರಂ’ ನಾಟಕ ಬರೆದರು. ಭೈರಪ್ಪನವರ ‘ಪರ್ವ’ 1979ರದ್ದು. ಭೈರಪ್ಪನವರ ಬೇರೆ ಪುಸ್ತಕಗಳ ಬಗ್ಗೆ ಗೆಳೆಯರ ಜೊತೆ ಜಗಳ ಆಡುತ್ತೇನೆ, ಆದರೆ ‘ಪರ್ವ’ದ ಕೊನೆಯ ಪುಟಗಳ ಬಗ್ಗೆ ಜಗಳವಿಲ್ಲ. ಹೆಣದ ನಾತ ಇದೆ, ಸೈನಿಕರ ಸುಖಕ್ಕೆ ಅಂತ ತಂದ ದಾಸಿಯರು ಬಸುರಾಗಿ ಧರ್ಮರಾಯನ ಮುಂದೆ ನಿಂತು ನಮ್ಮ ಗತಿ ಏನು ಅಂತ ಕೇಳುವುದಿದೆ. ಪುರಾಣದ ಬಟ್ಟೆ ಬಿಚ್ಚಿ ನೋಡಿದರೆ ಅದು ಯುದ್ಧ ಮುಗಿದ ಯಾವ ಊರಾದರೂ ಆಗಬಹುದು.

ಸಿನಿಮಾಗಳ ವಿಷಯಕ್ಕೆ ಬಂದರೆ ನನ್ನ ತಕರಾರು ಹೆಚ್ಚು. ಶ್ರೀಲಂಕಾದಿಂದ ನಮ್ಮವರು ತಿರುಗಿ ಬಂದ ಅದೇ 1990ರಲ್ಲಿ ‘ಮುತ್ತಿನಹಾರ’ ಬಂತು. ರಾಜೇಂದ್ರಸಿಂಗ್ ಬಾಬು ನಿರ್ದೇಶನ, ಕೊಡಗಿನ ಸೈನಿಕನಾಗಿ ವಿಷ್ಣುವರ್ಧನ್, ಹೆಂಡತಿಯಾಗಿ ಸುಹಾಸಿನಿ. ಸೈನಿಕನ ಸಂಸಾರವನ್ನ ಅಷ್ಟು ಹತ್ತಿರದಿಂದ ತೋರಿಸಿದ ಕನ್ನಡ ಸಿನಿಮಾ ಮತ್ತೊಂದಿಲ್ಲ, ನಾನು ಪ್ರತಿ ಸಲ ಅಳುತ್ತೇನೆ. ಅಳುವುದು ಬಲಿದಾನಕ್ಕೆ. ಶ್ರೀಲಂಕಾ ವಿಷಯದಲ್ಲಿ ನಾವು ‘ಸೈನೈಡ್’ ಮಾಡಿದೆವು, 2006ರಲ್ಲಿ, ರಾಜೀವ್ ಗಾಂಧಿ ಹಂತಕರು ಬೆಂಗಳೂರಿನ ಕೋಣನಕುಂಟೆಯಲ್ಲಿ ಅಡಗಿದ್ದ ಕೊನೆಯ ದಿನಗಳ ಬಗ್ಗೆ. ಒಳ್ಳೇ ಸಿನಿಮಾ. ಆ ಹಂತಕರ ರಾತ್ರಿಗಳು ನಮಗೆ ಗೊತ್ತು, ಅವರ ಸಂಘಟನೆಯ ಜೊತೆ ಹೋರಾಡಿ ಬಂದ ಜವಾನನ ರಾತ್ರಿ ಗೊತ್ತಿಲ್ಲ. ಹಿಂದಿಯ ‘ಮದ್ರಾಸ್ ಕೆಫೆ’ 2013ರಲ್ಲಿ ಸ್ವಲ್ಪ ಹತ್ತಿರ ಬಂತು. ಹೀರೋ ಕಸೌಲಿಯ ಮನೆಯಲ್ಲಿ ಕೆಟ್ಟ ಕನಸಿನಿಂದ ಎದ್ದು, ಕುಡಿದು, ಚರ್ಚಿನಲ್ಲಿ ಪಾದ್ರಿಯ ಮುಂದೆ ಹೇಳಿಕೊಳ್ಳುತ್ತಾನೆ. ಆ ಐದಾರು ನಿಮಿಷ ನೋಡುವಾಗ ಎದೆ ಬಡಿದುಕೊಂಡಿತು. ಆಮೇಲೆ ಫ್ಲ್ಯಾಶ್‌ಬ್ಯಾಕ್ ಶುರುವಾಗಿ ಬಂದೂಕು, ಬೋಟು, ಫೈಲು. ದುಃಸ್ವಪ್ನ ಅಲ್ಲಿ ಕತೆಯೊಳಗೆ ಹೋಗುವ ಬಾಗಿಲು ಮಾತ್ರ.

ಇದನ್ನೆಲ್ಲ ನೋಡಿದ ಮೇಲೆ ಮೊನ್ನೆ ಮತ್ತೆ ‘ಪ್ರಹಾರ್’ ಹಾಕಿದೆ, ಈ ಸಲ ಲ್ಯಾಪ್‌ಟಾಪಿನಲ್ಲಿ. ಮೇಜರ್ ಚವಾಣನ ಪ್ರಶ್ನೆ ಕೇಳಲು ಸುಲಭ: ಗಡಿ ಕಾಯಲು ಕಲಿಸಿದಿರಿ, ಗಡಿಯ ಒಳಗೆ ಇರೋದು ಇದೇನಾ? ಉತ್ತರ ಅವನಿಗೆ ಕೈಯಲ್ಲೇ ಇದೆ, ಕೊಲ್ಲುವುದು. ನಮ್ಮ ಸಿನಿಮಾಗಳ ಮಾಜಿ ಸೈನಿಕರೆಲ್ಲ ಹೀಗೇ. ನೋವು ಅವರಿಗೆ ಗೂಂಡಾಗಳನ್ನ ಹೊಡೆಯುವ ಲೈಸೆನ್ಸು. ಪ್ರೇಕ್ಷಕನಿಗೂ ಅದೇ ಹಿತ, ಯಾಕೆಂದರೆ ನೋವು ಎದುರಿನವನ ಮೂಗಿನ ಮೇಲೆ ಮುಗಿದುಹೋಗುತ್ತದೆ. ಈ ಸಲ ನನ್ನನ್ನ ಹಿಡಿದದ್ದು ಪೀಟರನ ಭಾಗ, ಕಾಕಾ ಎದ್ದುಹೋದ ಭಾಗ. ಅಲ್ಲಿ ಹೊಡೆದಾಟವಿಲ್ಲ. ಒಬ್ಬ ಹುಡುಗ ಮನೆಗೆ ಬಂದಿದ್ದಾನೆ. ಮನೆಯವರಿಗೆ ಖುಷಿಯಾಗಿದೆ, ಅವನ ಮುಖದ ಕಡೆ ನೇರ ನೋಡಲು ಅವರಿಗೆ ಆಗುತ್ತಿಲ್ಲ. ಅಷ್ಟೇ. ವೀರಗಲ್ಲಿನಲ್ಲಿ ಇಲ್ಲದ ನಾಲ್ಕನೇ ಪಟ್ಟಿಯನ್ನ ನಾನಾ ಪಾಟೇಕರ್ ಕೆಲವು ನಿಮಿಷಗಳ ಮಟ್ಟಿಗೆ ಕೆತ್ತಿ, ಆಮೇಲೆ ಅವಸರ ಮಾಡಿ ಹುಡುಗನನ್ನ ಸಾಯಿಸಿಬಿಟ್ಟರು.

ಕಾಕಾ ಹೋಗಿ ಆರು ವರ್ಷವಾಯಿತು. ಹೃದಯಾಘಾತ, ಗದ್ದೆಯ ಬದುವಿನ ಮೇಲೆ. ಪಡಸಾಲೆಯಲ್ಲಿ ಅವನ ಫೋಟೋ ಇದೆ, ಇಪ್ಪತ್ತರ ವಯಸ್ಸಿನದು, ಕಸಮ್ ಪರೇಡಿನ ದಿನ ಬೆಳಗಾವಿಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ, ಬೆಲ್ಟಿನ ಬಕಲು ಮಾತ್ರ ಫಳಫಳ. ಹೋದ ತಿಂಗಳು ನಾನು ಹೆಂಡತಿ, ಮಗನ ಜೊತೆ ಹೋಗಿದ್ದಾಗ ಆ ಫೋಟೋದ ಕೆಳಗೇ ಹಾಸಿಕೊಂಡು ಮಲಗಿದ್ದೆವು. ನಾಕೂವರೆ ವರ್ಷದ ಮಗ ಎಂಟಾದರೂ ಏಳಲಿಲ್ಲ. ಹೆಂಡತಿ ‘ಕಾಕು, ಸ್ವಲ್ಪ ಅಲ್ಲಾಡಿಸಿ ಎಬ್ಬಿಸ್ರಿ’ ಅಂದಳು.

ಕಾಕು ಹೊಸ್ತಿಲು ದಾಟಲಿಲ್ಲ. ಅಲ್ಲೇ ನಿಂತು, ಒಂದು ಕೈ ಬಾಗಿಲ ಚೌಕಟ್ಟಿಗೆ ಹಚ್ಚಿ, ಮೆಲ್ಲಗೆ ಕರೆದಳು. ‘ಏಳಪ್ಪಾ. ಮುಂಜಾನೆ ಆತು. ಖಾನಾಪುರದಾಗ ಅದಿ.’